ಒಂದೇ ದಿನದ ಎರಡು ಕಿಟ್‌ಗಳು

2020ರ ಫೆಬ್ರವರಿ 4ರಂದು ಅಮೆರಿಕ, ದಕ್ಷಿಣ ಕೊರಿಯಾ ಎರಡೂ ಕೊರೊನಾ ಪರೀಕ್ಷೆಯ ತಮ್ಮ ಮೊದಲ ಕಿಟ್‌ಗೆ ತುರ್ತು ಅನುಮತಿ ಕೊಟ್ಟವು. ಆಮೇಲೆ ದಾರಿ ಬೇರೆಯಾಯಿತು. ಅಮೆರಿಕ ನೆಚ್ಚಿಕೊಂಡದ್ದು ಸಿಡಿಸಿ ಎಂಬ ಸರ್ಕಾರಿ ಸಂಸ್ಥೆಯ ಕಿಟ್ ಒಂದನ್ನೇ. ವೈರಾಣುವೇ ಇಲ್ಲದ ನೀರನ್ನು ಹಾಕಿದರೂ ಅದು ಸೋಂಕಿನ ಸೂಚನೆ ತೋರಿಸಿತು. ಬೇರೆ ಪ್ರಯೋಗಾಲಯಗಳಿಗೆ ನಿಯಮ ಸಡಿಲವಾಗಲು ಫೆಬ್ರವರಿ 29 ಬರಬೇಕಾಯಿತು.

ಕೊರಿಯನ್ನರು ಹೆಚ್ಚು ಜಾಣರು ಎಂದು ನನಗನ್ನಿಸುವುದಿಲ್ಲ. ಅವರು ಮೊದಲೇ ಒಮ್ಮೆ ಸೋತಿದ್ದರು. 2015ರಲ್ಲಿ ಮಧ್ಯಪ್ರಾಚ್ಯದಿಂದ ಮರಳಿದ ಪ್ರಯಾಣಿಕನೊಬ್ಬ, ತನಗಿರುವುದು ಮರ್ಸ್ ಎಂದು ಗೊತ್ತಾಗುವ ಮುನ್ನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ. 186 ಮಂದಿಗೆ ಸೋಂಕು, 38 ಸಾವು. ಆ ಪೆಟ್ಟು ತಿಂದ ಮೇಲೆ ಕಾನೂನು ತಿದ್ದಿ, ಖಾಸಗಿ ಕಂಪನಿಗಳ ಕಿಟ್‌ಗೂ ತುರ್ತು ಅನುಮತಿ ಕೊಡುವ ದಾರಿ ಮಾಡಿಕೊಂಡರು. ಹಾಗಾಗಿಯೇ 2020ರ ಜನವರಿ 27ರಂದು, ಹೊಸವರ್ಷದ ರಜೆಯ ನಡುವೆಯೇ, ಅಧಿಕಾರಿಗಳು ಸುಮಾರು 20 ಕಂಪನಿಗಳವರನ್ನು ಸೋಲ್ ರೈಲು ನಿಲ್ದಾಣಕ್ಕೆ ಕರೆಸಿ ಸಭೆ ನಡೆಸಲಾಯಿತು. ಆಗ ದೇಶದಲ್ಲಿ ಪತ್ತೆಯಾಗಿದ್ದ ಸೋಂಕಿತರು ನಾಲ್ವರು ಮಾತ್ರ.

ಮರ್ಸ್ ನಂತರದ ಅದೇ ತಿದ್ದುಪಡಿಗಳು ಸೋಂಕಿತರ ಕಾರ್ಡ್ ಖರ್ಚು, ಮೊಬೈಲ್ ಇದ್ದ ಜಾಗಗಳನ್ನು ಜಾಲಾಡುವ ಅಧಿಕಾರವನ್ನೂ ಕೊಟ್ಟವು. ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎಂಬುದು ಪ್ರಕಟವಾಗುತ್ತಿತ್ತು. ಹೆಸರಿರಲಿಲ್ಲ, ನಿಜ, ಆದರೂ ಜನ ಗುರುತು ಹಚ್ಚಿ ಆಡಿಕೊಂಡರು. ಮಾರ್ಚ್‌ನಲ್ಲಿ ಅಲ್ಲಿನ ಮಾನವ ಹಕ್ಕುಗಳ ಆಯೋಗವೇ ಇದು ಅತಿಯಾಯಿತೆಂದು ಎಚ್ಚರಿಸಬೇಕಾಯಿತು.