ಆಡದ ದಿನಗಳ ಅನ್ನ: ಅರಸೀಕೆರೆ–ಬೇಲೂರು–ಹಳೇಬೀಡು ಸೀಮೆಯಿಂದ ಕಂಡ ಆಟಗಾರನ ವೃತ್ತಿಚರಿತ್ರೆ

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸಭೆ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಐದು ಆಟಗಳನ್ನು ಸೇರಿಸಿತು. ಅವುಗಳಲ್ಲಿ ಕ್ರಿಕೆಟ್ ಒಂದು, ಲಕ್ರಾಸ್ ಇನ್ನೊಂದು. ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಅದಕ್ಕೆ 1860ರ ದಶಕದಲ್ಲಿ ಲಿಖಿತ ನಿಯಮಗಳನ್ನು ರೂಪಿಸಿದವನು ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್. 1880ರಲ್ಲಿ ಕೆನಡಾದ ಲಕ್ರಾಸ್ ಸಂಘವು ಹವ್ಯಾಸಿಗಳಿಗೆ ಮಾತ್ರ ಅವಕಾಶ ಎಂದು ಕಟ್ಟುಪಾಡು ಮಾಡಿತು. ಹಣ ಪಡೆದು ಆಡುತ್ತಿದ್ದ ಮೂಲನಿವಾಸಿಗಳು ತಮ್ಮದೇ ಆಟದ ಕಣದಿಂದ ಹೊರಬಿದ್ದರು. ಕೂಲಿ ಬಿಟ್ಟು ಪ್ರಯಾಣ ಮಾಡುವವನಿಗೆ ಹಣ ಬೇಕಾಗುತ್ತದೆ, ಸ್ವಂತ ಆದಾಯವಿದ್ದ ನಗರದ ಯುವಕನಿಗೆ ಬೇಕಾಗುವುದಿಲ್ಲ. ಕಟ್ಟುಪಾಡಿನ ತಿರುಳು ಇಷ್ಟೇ. ಇಂದಿಗೂ ಅಮೆರಿಕ, ಕೆನಡಾಗಳ ವೃತ್ತಿಪರ ಲಕ್ರಾಸ್ ಆಟಗಾರರಲ್ಲಿ ಅನೇಕರು ವಾರವಿಡೀ ಶಾಲೆಯಲ್ಲೋ ಅಗ್ನಿಶಾಮಕ ದಳದಲ್ಲೋ ದುಡಿದು, ವಾರಾಂತ್ಯದಲ್ಲಿ ಕಣಕ್ಕಿಳಿಯುತ್ತಾರೆ.

ಆಟಗಾರನ ಚರಿತ್ರೆಯನ್ನು ನಾವು ಆತ ಆಡಿದ ದಿನಗಳಿಂದ ಬರೆಯುತ್ತೇವೆ. ಆಡದ ದಿನಗಳಲ್ಲಿ ಅವನಿಗೆ ಅನ್ನ ಹಾಕಿದವರು ಯಾರು ಎಂದು ಕೇಳಿದರೆ ಬೇರೊಂದು ಚರಿತ್ರೆ ಎದ್ದು ಬರುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆ ಕೇಳುವುದು ಈ ಲೇಖನದ ಉದ್ದೇಶ. ಹೊಯ್ಸಳರ ಕಾಲದಿಂದ ಇಂದಿನವರೆಗೆ ಒಂದೇ ಪರಂಪರೆ ಕಡಿಯದೆ ಹರಿದು ಬಂದಿದೆ ಎಂಬ ವಾದ ನನ್ನದಲ್ಲ. ದೇಹವನ್ನೇ ದುಡಿಮೆಯಾಗಿಸಿಕೊಂಡವನ ಹೊಟ್ಟೆಪಾಡು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಏರ್ಪಾಡುಗಳ ಮೇಲೆ ನಿಂತಿತ್ತು ಎಂಬುದಷ್ಟೇ ನನ್ನ ಮಾತು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣ ಭಾಗದಲ್ಲಿ ಒಂದು ಗರುಡಗಂಬವಿದೆ. ಗೋಡೆಯ ಶಿಲ್ಪಪಟ್ಟಿಕೆಗಳಲ್ಲಿ ಮುಳುಗಿದ ಪ್ರವಾಸಿಗರು ಇದನ್ನು ಹೆಚ್ಚಾಗಿ ದಾಟಿಹೋಗುತ್ತಾರೆ. ಕಂಬದ ನಡುವಿನಲ್ಲಿ ಸುತ್ತಲೂ ಸಣ್ಣ ಸಣ್ಣ ವೀರರ ಶಿಲ್ಪಗಳು: ಕೆಲವರು ಕತ್ತಿ ಹಿರಿದು ನಿಂತಿದ್ದಾರೆ, ಕೆಲವರು ತಮ್ಮ ಶಿರವನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿಗೆ ನಿಂತ ಕಂಬವಿದು. ಒಡೆಯ ತೀರಿದಾಗ ಲಕ್ಷ್ಮ, ಅವನ ಮಡದಿ, ಒಡೆಯನೊಡನೆ ಸಾಯುವ ಪಣ ತೊಟ್ಟ ಅವನ ಗರುಡರು ಪ್ರಾಣ ಬಿಟ್ಟದ್ದನ್ನು ಕಂಬದ ಶಾಸನ ಹೇಳಹೊರಟು, ಪೂರ್ತಿಯಾಗದೆ ನಿಂತಿದೆ. ಬಲ್ಲಾಳನ ಆಳ್ವಿಕೆ ಕೊನೆಗೊಂಡದ್ದು 1220ರಲ್ಲಿ. ವೇಳೆವಾಳಿ, ಜೋಳವಾಳಿ ಎಂದು ನಮ್ಮ ಚರಿತ್ರೆಕಾರರು ಚರ್ಚಿಸಿರುವ ವ್ಯವಸ್ಥೆಯ ಉಗ್ರರೂಪ ಇಲ್ಲಿ ಕಾಣುತ್ತದೆ. ಉಂಡ ಅನ್ನದ ಋಣಕ್ಕೆ ದೇಹ ಜಾಮೀನು. ಇದನ್ನು ತ್ಯಾಗವೆಂದು ಮಾತ್ರ ಓದುವುದು ಸಾಲದು. ಒಡೆಯನಿಲ್ಲದ ಮೇಲೆ ಆ ಯೋಧನಿಗೆ ಬೇರೆ ಬದುಕಿಗೆ ಎಡೆ ಇರಲಿಲ್ಲ ಎಂಬುದನ್ನೂ ಆ ಕಲ್ಲು ಹೇಳುತ್ತಿದೆ.

ಯುದ್ಧದಿಂದ ವಿನೋದಕ್ಕೆ ಬರೋಣ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾಗಿ ಸುಮಾರು ಒಂದು ದಶಕದ ಬಳಿಕ, ಹೊಯ್ಸಳ ದೊರೆ ವಿಷ್ಣುವರ್ಧನನ ಸಾರ್ವಭೌಮರಾಗಿದ್ದ ಕಲ್ಯಾಣ ಚಾಲುಕ್ಯರ ಪಟ್ಟಕ್ಕೆ ಮೂರನೆಯ ಸೋಮೇಶ್ವರ ಬಂದ. ಅವನ ‘ಮಾನಸೋಲ್ಲಾಸ’ದಲ್ಲಿ ಎರಡು ಪ್ರಕರಣಗಳು ನಮಗೆ ಮುಖ್ಯ. ಒಂದು ವಾಜಿವಾಹ್ಯಾಲಿ ವಿನೋದ, ಎಂದರೆ ಕುದುರೆಯೇರಿ ಕೋಲಿನಿಂದ ಚೆಂಡು ಹೊಡೆಯುವ ಆಟ. ಕೋಲು, ಚೆಂಡು, ಎದುರಾಳಿಯ ತೋರಣ ಮೂರೂ ಇರುವ ಈ ಆಟ ನಮ್ಮ ನೆಲದಲ್ಲಿ ಲಕ್ರಾಸಿಗೆ ತೀರ ದೂರದ್ದೇನಲ್ಲ. ಆದರೆ ಅದನ್ನು ಆಡುತ್ತಿದ್ದವರು ಅರಸರು, ರಾಜಕುಮಾರರು. ಸಂಬಳದ ಪ್ರಶ್ನೆಯೇ ಇಲ್ಲ. ಇನ್ನೊಂದು ಮಲ್ಲವಿನೋದ. ಅಲ್ಲಿ ಚಿತ್ರವೇ ಬೇರೆ. ಮಲ್ಲರನ್ನು ವಯಸ್ಸು, ಕಸುವುಗಳನ್ನು ನೋಡಿ ದರ್ಜೆಗಳಾಗಿ ವಿಂಗಡಿಸಲಾಗಿದೆ. ಉದ್ದು, ಮಾಂಸ, ಮೊಸರು, ಹಾಲು, ತುಪ್ಪ ಸೇರಿದ ಊಟ ಗೊತ್ತುಮಾಡಲಾಗಿದೆ. ಭಾರ ಎತ್ತುವುದು, ನಡೆದು ಓಡಿ ದಣಿಯುವುದು, ನೀರಿನಲ್ಲಿ ಈಜುವುದು, ಕಂಬಕ್ಕೆ ತೆಕ್ಕೆಹಾಕಿ ಸಾಧನೆ ಮಾಡುವುದು, ಹೀಗೆ ಬೇರೆ ಬೇರೆ ಶ್ರಮಗಳಿಗೆ ಬೇರೆ ಬೇರೆ ಹೆಸರಿದೆ. ಇಂದಿನ ಯಾವ ತಂಡದ ಫಿಸಿಯೋ ಬರೆದ ಪಟ್ಟಿಗೂ ಇದು ಕಡಿಮೆಯಲ್ಲ. ಆ ಊಟದ ಖರ್ಚೆಲ್ಲ ಅರಮನೆಯದು. ಕನ್ನಡ ನಾಡಿನ ಮಟ್ಟಿಗೆ, ಆಟವೇ ಕಸುಬಾಗಿದ್ದವನ ದಿನಚರಿಯನ್ನು ಇಷ್ಟು ವಿವರವಾಗಿ ದಾಖಲಿಸಿದ ಹಳೆಯ ಗ್ರಂಥ ಇನ್ನೊಂದನ್ನು ನಾನು ಕಂಡಿಲ್ಲ.

ಮೈಸೂರು ಒಡೆಯರ ಕಾಲದ ಜಟ್ಟಿಗಳು ಇದೇ ಏರ್ಪಾಡಿನ ಇನ್ನೊಂದು ರೂಪ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಜಟ್ಟಿ ಮನೆತನದವರು ಬರುತ್ತಾರೆ. ತಲೆ ಬೋಳಿಸಿ, ಬಲಗೈಗೆ ವಜ್ರನಖ ತೊಟ್ಟು ಕೆಮ್ಮಣ್ಣಿನ ಮಟ್ಟಿಗಿಳಿದರೆ, ತಲೆಯಿಂದ ಮೊದಲ ರಕ್ತ ಚಿಮ್ಮುತ್ತಲೇ ಕಾಳಗ ಮುಗಿಯಿತು. ಅರಸೊತ್ತಿಗೆ ಹೋದ ಮೇಲೂ ಆ ಕಾಳಗ ಉಳಿಯಿತು. ಜಟ್ಟಿಯ ವರ್ಷಪೂರ್ತಿಯ ಅನ್ನ ಮಾತ್ರ ಅರಮನೆಯಿಂದ ಬರುವುದು ನಿಂತಿತು.

ಸ್ವಾತಂತ್ರ್ಯದ ನಂತರ ಆ ಜಾಗಕ್ಕೆ ಬಂದವು ಬ್ಯಾಂಕುಗಳು, ಸಾರ್ವಜನಿಕ ಉದ್ದಿಮೆಗಳು. ಇದರ ಚರಿತ್ರೆ ನಮ್ಮಲ್ಲಿ ಸರಿಯಾಗಿ ಬರೆಯಲ್ಪಟ್ಟಿಲ್ಲ. ಕ್ರಿಕೆಟ್ಟನ್ನೇ ನೋಡಿ: ಭದ್ರಾವತಿಯ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿದ್ದರು, ಬಿ.ಎಸ್. ಚಂದ್ರಶೇಖರ್ ಸಿಂಡಿಕೇಟ್ ಬ್ಯಾಂಕಿನಲ್ಲಿ, ಮುಂದೆ ವೆಂಕಟೇಶ್ ಪ್ರಸಾದ್ ಕೆನರಾ ಬ್ಯಾಂಕಿನಲ್ಲಿ. ಕ್ರೀಡಾ ಕೋಟಾದಲ್ಲಿ ಸೇರಿದವನು ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಮಧ್ಯಾಹ್ನ ನೆಟ್ಸಿಗೆ ಹೋಗಬಹುದಿತ್ತು. ಪಂದ್ಯವಿದ್ದರೆ ವಿಶೇಷ ರಜೆ. ಗಾಯವಾದರೆ ಆಸ್ಪತ್ರೆ ಖರ್ಚು, ನಿವೃತ್ತಿಗೆ ಪಿ.ಎಫ್., ಪಿಂಚಣಿ. ಕ್ರಿಕೆಟ್ ಮಂಡಳಿ ಕೊಡುತ್ತಿದ್ದ ಪಂದ್ಯದ ಭತ್ಯೆ ಇದರ ಮುಂದೆ ಕೈಖರ್ಚು. 1973–74ರಲ್ಲಿ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡದ ಬೆನ್ನಿಗಿದ್ದದ್ದು ಈ ತಿಂಗಳ ಸಂಬಳ ಎಂದು ನಾನು ನಂಬುತ್ತೇನೆ.

ಮಧ್ಯಮವರ್ಗದ ಮನೆಗಳಲ್ಲಿ ಇದಕ್ಕೂ ಮುಂಚಿನ ಭದ್ರತೆ ಒಂದಿತ್ತು: ಎಂಜಿನಿಯರಿಂಗ್ ಪದವಿ. ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿದ ಮೇಲೆ ಓದು ಮುಗಿಸಲು ಹಿಂದೆ ಸರಿದವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಸ್ಪಿನ್ನರ್‌ಗೆ ಐದು ವರ್ಷ ಕಾಯುವ ಅವಕಾಶವಿರುತ್ತದೆ. ವೇಗದ ಬೌಲರ್‌ಗೆ ಅದಿಲ್ಲ. ಪ್ರತಿ ಎಸೆತದಲ್ಲೂ ಮುಂಗಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಸೊಂಟ, ಮಂಡಿ, ಭುಜ ಮೂರೂ ಸಾಲ ಕೊಟ್ಟವರಂತೆ ಒಂದು ದಿನ ಬಾಗಿಲಿಗೆ ಬಂದು ನಿಲ್ಲುತ್ತವೆ. ಅರಸೀಕೆರೆಯ ಕಥೆ ನಮಗೆ ಅಷ್ಟು ಬೇಕಾದದ್ದು ಇದಕ್ಕಾಗಿಯೇ, ಅದು ಇಬ್ಬರು ವೇಗಿಗಳ ಕಥೆಯಾದ್ದರಿಂದ.

ಅರಸೀಕೆರೆ ಎಂದರೆ ಜನಕ್ಕೆ ನೆನಪಾಗುವುದು ರೈಲು ಜಂಕ್ಷನ್, ಕೊಬ್ಬರಿ ಮಾರುಕಟ್ಟೆ, 1220ರ ಈಶ್ವರ ದೇವಾಲಯ. ಡೇವಿಡ್ ಜಾನ್ಸನ್ 1971ರ ಅಕ್ಟೋಬರ್ 16ರಂದು ಹುಟ್ಟಿದ್ದು ಇದೇ ಊರಿನಲ್ಲಿ. ಇದೇ ತಾಲ್ಲೂಕಿನ ಜಾವಗಲ್ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು. ಜಾವಗಲ್ ಶ್ರೀನಾಥ್ 1969ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಾದರೂ, ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು. ಶ್ರೀನಾಥ್ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು. 1995ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಷೈರ್ ಕೌಂಟಿಗೆ ಆಡಿ ಆ ಋತುವಿನಲ್ಲಿ 87 ವಿಕೆಟ್ ಪಡೆದರು. ಋತುಪೂರ್ತಿ ಒಪ್ಪಂದದ ಮೇಲೆ ಆಡುವ ಕೌಂಟಿ ವ್ಯವಸ್ಥೆಯಲ್ಲಿ ಕ್ರಿಕೆಟ್ ಅಪ್ಪಟ ಉದ್ಯೋಗ; ಅಂಥ ಉದ್ಯೋಗ ಆಗ ಭಾರತದಲ್ಲಿ ಇರಲಿಲ್ಲ.

ಜಾನ್ಸನ್ ದಾರಿ ಬೇರೆ. 1995–96ರ ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 152 ರನ್ನಿಗೆ 10 ವಿಕೆಟ್ ಕಿತ್ತಾಗ ಆಯ್ಕೆಗಾರರ ಕಣ್ಣು ಅವರತ್ತ ಹೊರಳಿತು. ಆ ಋತುವಿನಲ್ಲಿ ಕರ್ನಾಟಕ ಟ್ರೋಫಿಯನ್ನೂ ಗೆದ್ದಿತು. 1996ರ ಅಕ್ಟೋಬರ್ 10ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಆಸ್ಟ್ರೇಲಿಯ ವಿರುದ್ಧ ಟೆಸ್ಟ್ ಶುರುವಾದಾಗ ಶ್ರೀನಾಥ್ ಗಾಯಗೊಂಡಿದ್ದರು. ಅವರ ಜಾಗಕ್ಕೆ ಬಂದವರು ಜಾನ್ಸನ್. ತೆಂಡೂಲ್ಕರ್ ನಾಯಕತ್ವದ ಮೊದಲ ಟೆಸ್ಟ್ ಅದು. ಹನ್ನೊಂದರಲ್ಲಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಸುನಿಲ್ ಜೋಶಿ, ಪ್ರಸಾದ್, ಜಾನ್ಸನ್. ಮೈಕೆಲ್ ಸ್ಲೇಟರ್ ಬ್ಯಾಟಿನ ಅಂಚಿಗೆ ತಾಗಿ ಹಾರಿದ ಚೆಂಡನ್ನು ಸ್ಲಿಪ್‌ನಲ್ಲಿ ಅಜರುದ್ದೀನ್ ಒಂಟಿಗೈಯಲ್ಲಿ ಹಿಡಿದರು. ಜಾನ್ಸನ್‌ಗೆ ಮೊದಲ ಟೆಸ್ಟ್ ವಿಕೆಟ್. ಆ ಎಸೆತದ ವೇಗ ಗಂಟೆಗೆ 157.8 ಕಿ.ಮೀ. ಎಂಬ ಮಾತು ಎಲ್ಲೆಡೆ ಅಚ್ಚಾಗಿದೆ. ಆ ಕಾಲದ ವೇಗಮಾಪನವನ್ನು ಇಂದಿನದರ ಪಕ್ಕದಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲವಾದ್ದರಿಂದ ಆ ಅಂಕಿಯ ಮೇಲೆ ನಾನೇನನ್ನೂ ಕಟ್ಟುವುದಿಲ್ಲ. ಕಟ್ಟಬೇಕಾಗಿಯೂ ಇಲ್ಲ, ಆ ಕ್ಯಾಚ್ ನೋಡಿದವರಿಗೆ ವೇಗದ ಬಗ್ಗೆ ಸಂಶಯವಿಲ್ಲ.

ಡಿಸೆಂಬರ್ 26ರಂದು ಡರ್ಬನ್ನಿನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಜಾನ್ಸನ್‌ಗೆ ಎರಡನೆಯ ಟೆಸ್ಟ್. ಶ್ರೀನಾಥ್, ಪ್ರಸಾದ್, ಜಾನ್ಸನ್ ಮೂವರೂ ಒಟ್ಟಿಗೆ. ಅರಸೀಕೆರೆ ತಾಲ್ಲೂಕಿನ ಹೆಸರು ಹೊತ್ತ ಒಬ್ಬ, ಅದೇ ತಾಲ್ಲೂಕಿನಲ್ಲಿ ಹುಟ್ಟಿದ ಇನ್ನೊಬ್ಬ ಒಂದೇ ಟೆಸ್ಟಿನಲ್ಲಿ ಭಾರತದ ವೇಗದ ದಾಳಿಯಲ್ಲಿದ್ದದ್ದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದ ಸಂಗತಿ. ಜಾನ್ಸನ್ ಹರ್ಷೆಲ್ ಗಿಬ್ಸ್ ಮತ್ತು ಬ್ರಯಾನ್ ಮೆಕ್‌ಮಿಲನ್ ವಿಕೆಟ್ ಪಡೆದರು. ಪ್ರಸಾದ್ ಎರಡೂ ಇನಿಂಗ್ಸ್‌ನಲ್ಲಿ ಐದೈದು ಕಿತ್ತರು. ಆದರೆ ಭಾರತದ ಬ್ಯಾಟಿಂಗ್ 100 ಮತ್ತು 66ಕ್ಕೆ ಕುಸಿದು ಪಂದ್ಯ 328 ರನ್ನುಗಳಿಂದ ಕೈತಪ್ಪಿತು. ಕೇಪ್‌ಟೌನ್‌ನ ಮುಂದಿನ ಟೆಸ್ಟಿಗೆ ದೊಡ್ಡ ಗಣೇಶ್ ಬಂದರು, ಜಾನ್ಸನ್ ಮತ್ತೆ ಭಾರತಕ್ಕೆ ಆಡಲಿಲ್ಲ. ಕೋಟ್ಲಾದ ಮೊದಲ ದಿನದಿಂದ ಡರ್ಬನ್ನಿನ ಕೊನೆಯ ದಿನದವರೆಗೆ ಎಣಿಸಿದರೆ ಎಂಬತ್ತು ದಿನ.

ಈ ಎಂಬತ್ತು ದಿನಗಳನ್ನು ಹಿಡಿದು ಜಾನ್ಸನ್‌ರನ್ನು ‘ಎರಡು ಟೆಸ್ಟಿನ ಆಟಗಾರ’ ಎಂದು ಬರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್; ಸೀಮಿತ ಓವರುಗಳ ದೇಶೀಯ ಕ್ರಿಕೆಟಿನಲ್ಲಿ 33 ಪಂದ್ಯ, 41 ವಿಕೆಟ್. ಸುಮಾರು ಹತ್ತು ವರ್ಷ ಈ ದುಡಿಮೆ ನಡೆಯಿತು. 1995–96ರಿಂದ 1998–99ರವರೆಗಿನ ನಾಲ್ಕು ಋತುಗಳಲ್ಲಿ ಕರ್ನಾಟಕ ಮೂರು ಬಾರಿ ರಣಜಿ ಗೆದ್ದಿತು. ತಾರೆಯರು ದೇಶದ ತಂಡದ ಜೊತೆ ಹೊರಗಿದ್ದಾಗ ರಣಜಿಯ ಭಾರ ಹೊರುವವರು ಇಂಥ ಬೌಲರ್‌ಗಳೇ. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದ ಶ್ರೀನಾಥ್ ಆ ವರ್ಷದ ಬಹುಪಾಲು ಕಳೆದುಕೊಂಡರೂ ಮರಳಿ ಬಂದು ಒಟ್ಟು 236 ಟೆಸ್ಟ್ ವಿಕೆಟ್‌ಗಳವರೆಗೆ ಹೋದರು. 2006ರಿಂದ ಐಸಿಸಿ ಪಂದ್ಯ ರೆಫರಿ. ಇಬ್ಬರ ಪ್ರತಿಭೆ ಒಂದೇ ಮಟ್ಟದ್ದು ಎಂದು ಹೇಳುತ್ತಿಲ್ಲ. ಗಾಯವೋ ಒಂದು ಕೆಟ್ಟ ಪ್ರವಾಸವೋ ಬಂದಾಗ ಕಾಯುವ ಶಕ್ತಿ ಆಟಗಾರನಿಗೆ ತೋಳಿನಿಂದ ಮಾತ್ರ ಬರುವುದಿಲ್ಲ, ಅದಕ್ಕೆ ಹಿಂದಿನ ಆಸರೆ ಬೇಕು ಎನ್ನುತ್ತಿದ್ದೇನೆ.

ಜಾನ್ಸನ್ ಆಡಿದ ಕಾಲ ಎರಡು ಏರ್ಪಾಡುಗಳ ನಡುವಿನ ಕಂದಕ. ಬ್ಯಾಂಕು, ಕಾರ್ಖಾನೆಗಳಲ್ಲಿ ಕ್ರೀಡಾ ನೇಮಕಾತಿ 1990ರ ದಶಕದಲ್ಲಿ ಸೊರಗತೊಡಗಿತ್ತು. ಮಂಡಳಿಯ ವಾರ್ಷಿಕ ಒಪ್ಪಂದಗಳು ಬಂದದ್ದು ಮುಂದಿನ ದಶಕದಲ್ಲಿ, ಐಪಿಎಲ್ 2008ರಲ್ಲಿ, ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ. 2015ರಲ್ಲಿ, ನಲವತ್ತು ದಾಟಿದ ಮೇಲೆ, ಅದೇ ಲೀಗಿನಲ್ಲಿ ಬೆಳಗಾವಿ ಪ್ಯಾಂಥರ್ಸ್ ತಂಡಕ್ಕಾಗಿ ಜಾನ್ಸನ್ ಮತ್ತೆ ಚೆಂಡು ಹಿಡಿದರು. ಇದನ್ನು ಹಳೆಯ ಆಟಗಾರನ ಹುಮ್ಮಸ್ಸು ಎಂದು ಪತ್ರಿಕೆಗಳು ಬರೆದವು. ತಮ್ಮ ಇಪ್ಪತ್ತರ ಹರೆಯದಲ್ಲಿ ಇಲ್ಲದಿದ್ದ ಮಾರುಕಟ್ಟೆಯೊಂದಕ್ಕೆ ತಡವಾಗಿ ಬಂದ ದುಡಿಮೆಗಾರನನ್ನು ನಾನು ಅಲ್ಲಿ ಕಾಣುತ್ತೇನೆ. ಬೆಂಗಳೂರಿನಲ್ಲಿ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತಿದ್ದ ಅವರು 2024ರ ಜೂನ್ 20ರಂದು, 52ನೆಯ ವಯಸ್ಸಿನಲ್ಲಿ ತೀರಿಕೊಂಡರು.

2022ರ ಜೂನ್‌ನಲ್ಲಿ ಕ್ರಿಕೆಟ್ ಮಂಡಳಿ ಮಾಜಿ ಆಟಗಾರರ ಪಿಂಚಣಿಯನ್ನು ಹೆಚ್ಚಿಸಿತು. ತಿಂಗಳಿಗೆ 15,000 ರೂಪಾಯಿ ಪಡೆಯುತ್ತಿದ್ದ ಪ್ರಥಮ ದರ್ಜೆ ಆಟಗಾರರಿಗೆ 30,000, 37,500 ಪಡೆಯುತ್ತಿದ್ದ ಮಾಜಿ ಟೆಸ್ಟ್ ಆಟಗಾರರಿಗೆ 60,000. ಅರಮನೆಯ ಊಟ, ಬ್ಯಾಂಕಿನ ಹಾಜರಿ ಪುಸ್ತಕಗಳ ನಂತರ ಆಟವೇ ತನ್ನ ಆಟಗಾರನ ಮುಪ್ಪನ್ನು ನೋಡಿಕೊಳ್ಳಲು ಮುಂದಾದದ್ದು ನಮ್ಮ ಕ್ರೀಡಾಚರಿತ್ರೆಯ ದೊಡ್ಡ ತಿರುವು. ಆದರೆ ಇಲ್ಲಿ ಎಣಿಕೆಗೆ ಸಿಗುವುದು ಆಡಿದ ಪಂದ್ಯ. ರಣಜಿಯ ಬಾಗಿಲವರೆಗೆ ಬಂದು ನಿಂತವನು, ಹಾಸನದಂಥ ಜಿಲ್ಲೆಗಳ ಮ್ಯಾಟಿಂಗ್ ಪಿಚ್‌ಗಳಲ್ಲಿ ಭುಜ ಸವೆಸಿದವನು, ಕ್ರಿಕೆಟ್ ಬಿಟ್ಟು ಕಬಡ್ಡಿಯನ್ನೋ ಕುಸ್ತಿಯನ್ನೋ ಹಿಡಿದವನು ಆ ಲೆಕ್ಕದಲ್ಲಿ ಇಲ್ಲ. ಅವರ ದಾಖಲೆ ಸಿಗುವುದು ಬ್ಯಾಂಕುಗಳ ಹಳೆಯ ನೇಮಕಾತಿ ಕಡತಗಳಲ್ಲಿ, ಲೀಗ್ ಪಂದ್ಯಗಳ ಸ್ಕೋರ್ ಪುಸ್ತಕಗಳಲ್ಲಿ, ಗರಡಿಮನೆಗಳ ಗೋಡೆಗೆ ತೂಗುಹಾಕಿದ ಫೋಟೊಗಳ ಅಡಿಬರಹದಲ್ಲಿ. ಬ್ಯಾಂಕುಗಳು ಒಂದರಲ್ಲೊಂದು ವಿಲೀನವಾಗುತ್ತಿರುವ ಈ ಹೊತ್ತಿನಲ್ಲಿ ಮೊದಲು ಹುಡುಕಿ ಉಳಿಸಬೇಕಾದದ್ದು ಆ ಕಡತಗಳನ್ನು.