ರಾಜಧಾನಿ ಹೋಯಿತು, ಯಾತ್ರೆ ಉಳಿಯಿತು

ರಾಯಚೂರು ಜಿಲ್ಲೆಯ ಕವಿತಾಳದಿಂದ ಕಲಬುರಗಿಗೆ ಹೊರಟವರು ಎರಡು ನದಿಗಳನ್ನು ದಾಟಬೇಕು. ದೇವದುರ್ಗದ ಮಾರ್ಗವಾಗಿ ಹೋದರೆ ಹೂವಿನಹೆಡಗಿಯ ಬಳಿ ಕೃಷ್ಣೆ ಎದುರಾಗುತ್ತಾಳೆ. ಶಹಾಪುರ, ಜೇವರ್ಗಿಗಳನ್ನು ಕಳೆದ ಮೇಲೆ ಭೀಮೆ ಬರುತ್ತಾಳೆ. ಆರು ನೂರು ವರ್ಷಗಳ ಹಿಂದೆ ಈ ದಾರಿಯ ಆಸುಪಾಸಿನಲ್ಲಿ ಸಂಚರಿಸಿದ್ದು ಸೈನ್ಯಗಳು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ಫಲವತ್ತಾದ ದೋಆಬ್ ಪ್ರದೇಶಕ್ಕಾಗಿ ಕಲಬುರಗಿಯ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಹೋರಾಡಿದರು. ಇಂದು ಅದೇ ದಿಕ್ಕಿನಲ್ಲಿ, ಜಾತಿಮತಗಳ ಎಣಿಕೆಯಿಲ್ಲದೆ, ಹರಕೆ ಹೊತ್ತ ಕುಟುಂಬಗಳು ಸಾಗುತ್ತವೆ. ಯುದ್ಧದ ದಾರಿ ಯಾತ್ರೆಯ ದಾರಿಯಾದದ್ದು ಹೇಗೆ ಎಂಬುದನ್ನು ತಿಳಿಯಲು ಒಬ್ಬ ವೃದ್ಧ ನಿರಾಶ್ರಿತನ ಜೀವನವನ್ನು ನಾವು ಅರಿಯಬೇಕು.

ಜನರು ಖ್ವಾಜಾ ಬಂದೇ ನವಾಜ್ ಎಂದು ಕರೆಯುವ ಸೂಫಿ ಸಂತರ ನಿಜನಾಮ ಸೈಯದ್ ಮುಹಮ್ಮದ್ ಹುಸೇನಿ. ಅವರು 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ಮುಹಮ್ಮದ್ ಬಿನ್ ತುಘಲಕ್ ತನ್ನ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ ದಕ್ಷಿಣಕ್ಕೆ ನಡೆದ ಸಾವಿರಾರು ಕುಟುಂಬಗಳಲ್ಲಿ ಈ ಬಾಲಕನ ಕುಟುಂಬವೂ ಒಂದು. ತಂದೆ ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ಹದಿಹರೆಯದಲ್ಲಿ ದೆಹಲಿಗೆ ಮರಳಿದ ಮುಹಮ್ಮದ್ ಹುಸೇನಿಯವರು ಚಿಶ್ತಿ ಪರಂಪರೆಯ ಮಹಾಗುರು ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರಾದರು. ಈ ಗುರು ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯರು. ಆ ಗುರುಪರಂಪರೆ ಅಜ್ಮೀರದ ಮುಯಿನುದ್ದೀನ್ ಚಿಶ್ತಿಯವರವರೆಗೆ ಹಿಂದಕ್ಕೆ ಸಾಗುತ್ತದೆ. 'ಗೇಸುದರಾಜ್', ಅಂದರೆ 'ನೀಳಕೇಶಿ' ಎಂಬ ಹೆಸರು ಬಂದುದಕ್ಕೆ ಭಕ್ತರು ಒಂದು ಕಥೆ ಹೇಳುತ್ತಾರೆ. ಗುರುವಿನ ಪಲ್ಲಕ್ಕಿಯನ್ನು ಹೊತ್ತು ನಡೆಯುವಾಗ ಶಿಷ್ಯನ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡಿತು. ನಿಂತರೆ ಗುರುವಿಗೆ ತೊಂದರೆಯಾದೀತೆಂದು ಆತ ನೋವನ್ನು ನುಂಗಿ ನಡೆದನಂತೆ.

1398ರಲ್ಲಿ ತೈಮೂರನ ಸೈನ್ಯ ದೆಹಲಿಯನ್ನು ಸಮೀಪಿಸಿತು. ನಗರ ಸೂರೆಯಾಗುವ ಮೊದಲು ಅವರು ಪರಿವಾರದೊಡನೆ ಹೊರಟರು. ಆಗ ಅವರ ವಯಸ್ಸು ಎಪ್ಪತ್ತೇಳು. ಗುಜರಾತನ್ನು ಹಾದು, ತಂದೆಯ ಸಮಾಧಿಯ ನಾಡಾದ ದೌಲತಾಬಾದನ್ನು ತಲುಪಿ, ಸುಮಾರು 1400ರ ಹೊತ್ತಿಗೆ ಬಹಮನಿ ಸುಲ್ತಾನ ಫಿರೋಜ್ ಷಾನ ಆಹ್ವಾನದ ಮೇರೆಗೆ ಅವರು ಕಲಬುರಗಿಗೆ ಬಂದರು. ಎಂಬತ್ತರ ಅಂಚಿನಲ್ಲಿ ಮನುಷ್ಯನು ವಿಶ್ರಾಂತಿಯನ್ನು ಬಯಸುವುದು ಸಹಜ. ಈ ಹಿರಿಯರಾದರೋ ಆ ವಯಸ್ಸಿನಲ್ಲಿ ಪರನಾಡಿನಲ್ಲಿ ಹೊಸದಾಗಿ ಬೋಧನೆಯನ್ನು ಆರಂಭಿಸಿ, ಇನ್ನೂ ಇಪ್ಪತ್ತೆರಡು ವರ್ಷ ಅದನ್ನು ನಡೆಸಿದರು.

ಆರಂಭದಲ್ಲಿ ಸುಲ್ತಾನನು ಅವರನ್ನು ಗೌರವದಿಂದ ಬರಮಾಡಿಕೊಂಡನು. ಫಿರೋಜನು ಬಹುಭಾಷಾ ಪಂಡಿತ, ತರ್ಕಶಾಸ್ತ್ರ ಖಗೋಳಶಾಸ್ತ್ರಗಳಲ್ಲಿ ಆಸಕ್ತಿಯುಳ್ಳವನು. ಆದರೆ ಅವರಿಬ್ಬರ ನಡುವಿನ ಸ್ನೇಹ ಬಾಳಲಿಲ್ಲ. ಬಿಜಾಪುರದಲ್ಲಿದ್ದು ದಖ್ಖನಿನ ಇತಿಹಾಸವನ್ನು ಬರೆದ ಫೆರಿಷ್ತಾ ಇದರ ವಿವರವನ್ನು ಕೊಡುತ್ತಾನೆ. ಸಂತರ ಶಾಸ್ತ್ರಪಾಂಡಿತ್ಯ ಸುಲ್ತಾನನಿಗೆ ಸಾಲದಾಯಿತು. ಆತನ ತಮ್ಮ ಅಹ್ಮದನಾದರೋ ಸಂತರನ್ನು ಭಕ್ತಿಯಿಂದ ಕಂಡನು. ಮುಂದೆ ಫಿರೋಜನು ತನ್ನ ಮಗನನ್ನು ಉತ್ತರಾಧಿಕಾರಿಯೆಂದು ಹರಸುವಂತೆ ಕೇಳಿದಾಗ, ಸಿಂಹಾಸನ ಅಹ್ಮದನಿಗೆ ವಿಧಿತವಾಗಿದೆ ಎಂದು ಸಂತರು ನಿರಾಕರಿಸಿದರು. ಕೋಟೆಯ ಸಮೀಪದಲ್ಲಿ ಜನಜಂಗುಳಿ ಹೆಚ್ಚಾಗಿದೆ ಎಂಬ ಕಾರಣ ನೀಡಿ ಸುಲ್ತಾನನು ಅವರನ್ನು ಊರ ಹೊರಗೆ ಹೋಗುವಂತೆ ಆಜ್ಞಾಪಿಸಿದನು. ಹಾಗೆ ಅವರು ಹೋಗಿ ನೆಲೆಸಿದ ಸ್ಥಳದಲ್ಲಿಯೇ ಇಂದು ದರ್ಗಾ ಇದೆ.

1422ರಲ್ಲಿ ಅಹ್ಮದನು ಪಟ್ಟಕ್ಕೆ ಬಂದನು, ಫಿರೋಜನು ಅಳಿದನು. ಅದೇ ವರ್ಷದ ನವೆಂಬರ್ 1ರಂದು, ನೂರು ವರ್ಷ ಮೀರಿದ ವಯಸ್ಸಿನಲ್ಲಿ, ಸಂತರೂ ದೇಹ ತ್ಯಜಿಸಿದರು. ಅಹ್ಮದನು ಅವರಿಗೆ ಭವ್ಯ ಗುಮ್ಮಟವನ್ನು ಕಟ್ಟಿಸಿ ಭೂದಾನಗಳನ್ನು ನೀಡಿದನು. ಆದರೆ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿ, ಪರ್ಷಿಯಾದ ಕಿರ್ಮಾನಿನ ಸೂಫಿ ಷಾ ನಿಯಾಮತುಲ್ಲಾ ಅವರ ವಂಶದವರನ್ನು ಆಹ್ವಾನಿಸಿ ಮನ್ನಿಸಿದನು. ಹೀಗೆ ಅರಮನೆಯ ಕೃಪಾದೃಷ್ಟಿ ಬೇರೆಡೆಗೆ ಹೊರಳಿತು. ಜನರು ಮಾತ್ರ ಹೊರಳಲಿಲ್ಲ.

ಈ ಮಾತಿನ ಸತ್ಯವನ್ನು ಕಲಬುರಗಿಯ ನೆಲವೇ ತೋರಿಸುತ್ತದೆ. ಪ್ರವಾಸಿಯು ಮೊದಲು ಕೋಟೆಯನ್ನು ನೋಡಲಿ. ಅಲ್ಲಿ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ. ಸಾಮಾನ್ಯವಾಗಿ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇದು ಪೂರ್ಣವಾಗಿ ಛಾವಣಿ ಹೊದ್ದ ಅಪರೂಪದ ಕಟ್ಟಡ. ಬಳಿಕ ಹಫ್ತ್ ಗುಂಬಜ್ ಸಮಾಧಿಗಳ ಸಮೂಹಕ್ಕೆ ಹೋಗಲಿ. ಅಲ್ಲಿ ಫಿರೋಜ್ ಷಾನ ಜೋಡಿ ಗುಮ್ಮಟದ ಸಮಾಧಿ ಎಲ್ಲಕ್ಕಿಂತ ದೊಡ್ಡದು. ಅವನು ಭೀಮಾತೀರದಲ್ಲಿ ತನ್ನ ಹೆಸರಿನಿಂದಲೇ ಕಟ್ಟಿಸಿದ ಫಿರೋಜಾಬಾದ್ ನಗರ ಈಗ ಹಾಳು ಗೋಡೆಗಳ ನಡುವಿನ ಹಳ್ಳಿ. ಇವುಗಳನ್ನು ಕಂಡು ಕೊನೆಗೆ ದರ್ಗಾದ ಬಾಗಿಲಿಗೆ ಬಂದರೆ ಗುಲಾಬಿಯ ಪರಿಮಳ, ಊದುಬತ್ತಿಯ ಹೊಗೆ, ಕಾಯಿಲೆಯ ಮಗುವನ್ನು ಎತ್ತಿಕೊಂಡ ತಾಯಂದಿರು, ಮೌನವಾಗಿ ನಿಂತ ವೃದ್ಧರು. ಊರ ಹೊರಗೆ ಕಳುಹಿಸಲ್ಪಟ್ಟವನ ಬಾಗಿಲಿಗೆ ಇಂದು ಊರೇ ಬರುತ್ತಿದೆ.

ಉರುಸ್ ಉತ್ಸವವು ಹಿಜರಿ ಪಂಚಾಂಗದ ಜಿಲ್ಕಾದ್ ತಿಂಗಳಲ್ಲಿ ನಡೆಯುತ್ತದೆ. ಅದು ಚಾಂದ್ರಮಾನವಾದ್ದರಿಂದ ಪ್ರತಿವರ್ಷ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಉರುಸ್ ಎಂದರೆ ಮದುವೆ ಎಂದರ್ಥ. ಸಂತನ ಮರಣದಿನವನ್ನು ದೇವರೊಡನೆ ಆತ್ಮದ ಮಿಲನವೆಂದು ಭಾವಿಸಿ ಈ ಹೆಸರಿಟ್ಟಿದ್ದಾರೆ. ಸಂತರ ಮರಣದಿನವನ್ನೇ ಸ್ವರ್ಗೀಯ ಜನ್ಮದಿನವೆಂದು ಆಚರಿಸುವ ಧರ್ಮಸಭೆಯ ಮಕ್ಕಳಾದ ನಮಗೆ ಈ ಭಾವನೆ ಅಪರಿಚಿತವಲ್ಲ. ಹಾಗೆಯೇ ಈ ಪರಂಪರೆಯ ದಖ್ಖನಿ ಸೂಫಿಗಳು ಪಂಡಿತರ ಪಾರಸಿಯನ್ನಷ್ಟೇ ನೆಚ್ಚಿಕೊಳ್ಳದೆ ಜನರ ದಖನಿ ಭಾಷೆಯಲ್ಲಿಯೂ ಬೋಧಿಸಿದರು. ಮುಂದೆ ಬಿಜಾಪುರದ ಸೂಫಿಗಳು ಬೀಸುವಾಗ ಹಾಡುವ 'ಚಕ್ಕಿನಾಮಾ'ಗಳನ್ನು ರಚಿಸಿದರು. ಬೀಸುಕಲ್ಲಿನ ಪದಗಳನ್ನು ಕೇಳಿ ಬೆಳೆದ ನಮ್ಮ ಸೀಮೆಯ ಹಿರಿಯರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ.

ಈ ಇತಿಹಾಸದಲ್ಲಿ ಮುಜುಗರದ ಪುಟವೂ ಒಂದಿದೆ. ಚಿಶ್ತಿ ಪರಂಪರೆಯ ಹಿರಿಯರು ಅರಮನೆಯಿಂದ ದೂರವಿರುವುದನ್ನು ವ್ರತವೆಂಬಂತೆ ಪಾಲಿಸಿದ್ದರು. ಆದರೆ ಕಲಬುರಗಿಯಲ್ಲಿ ಸಂತರ ಆಶೀರ್ವಾದ ಇಬ್ಬರು ಸಹೋದರರ ಸಿಂಹಾಸನದ ಕಲಹದಲ್ಲಿ ಒಂದು ಅಸ್ತ್ರವಾಯಿತು. ಇದನ್ನು ಓದಿ ಬೇರೆಯವರತ್ತ ಬೆರಳು ತೋರಿಸುವ ಅಧಿಕಾರ ಕ್ರೈಸ್ತರಾದ ನಮಗಿಲ್ಲ. ಯೂರೋಪಿನ ಚರಿತ್ರೆಯಲ್ಲಿ ಧರ್ಮಾಧ್ಯಕ್ಷರು ಕಿರೀಟಗಳನ್ನು ತೊಡಿಸಿದ್ದುಂಟು, ಕೆಲವೊಮ್ಮೆ ಕಳಚಿಸಿದ್ದೂ ಉಂಟು. ಧರ್ಮಗುರುವಿನ ಆಶೀರ್ವಾದವನ್ನು ಅಧಿಕಾರದ ಮುದ್ರೆಯಾಗಿಸುವ ಪ್ರಲೋಭನೆ ಎಲ್ಲ ಮತಗಳ ಬಾಗಿಲನ್ನೂ ತಟ್ಟಿದೆ, ಇಂದಿಗೂ ತಟ್ಟುತ್ತಿದೆ. ಆದರೂ ಜನರ ನೆನಪು ಸೂಕ್ಷ್ಮವಾಗಿ ಆರಿಸಿಕೊಳ್ಳುತ್ತದೆ. ಪಟ್ಟದ ವಿಷಯದಲ್ಲಿ ಸಂತರು ಯಾರ ಪರವಾಗಿದ್ದರೆಂಬುದನ್ನು ಹರಕೆಗೆ ಬರುವ ತಾಯಿ ಅರಿಯಳು. ಆಕೆ ಅರಿತಿರುವುದು ಅವರಿಗೆ ಜನರು ಕೊಟ್ಟ ಹೆಸರನ್ನು: ಬಂದೇ ನವಾಜ್, ಅಂದರೆ ದೀನರನ್ನು ಪೊರೆಯುವವನು.

ನಮ್ಮ ಕುಟುಂಬಗಳು ಅಲ್ಲಿಗೆ ಹೋಗಬಹುದೇ, ಹೋದರೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ಸಹಜ. 1219ರಲ್ಲಿ ಧರ್ಮಯುದ್ಧದ ನಡುವೆಯೇ ಅಸಿಸಿಯ ಸಂತ ಫ್ರಾನ್ಸಿಸರು ನಿರಾಯುಧರಾಗಿ ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲನ ಶಿಬಿರಕ್ಕೆ ಹೋದರು. ಇಬ್ಬರೂ ತಮ್ಮ ವಿಶ್ವಾಸವನ್ನು ಬಿಡಲಿಲ್ಲ. ಸುಲ್ತಾನನು ಅವರನ್ನು ಸುರಕ್ಷಿತವಾಗಿ ಕಳುಹಿಸಿಕೊಟ್ಟನು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಮುಸಲ್ಮಾನರನ್ನು ಗೌರವದಿಂದ ಕಾಣಬೇಕೆಂದೂ, ಹಿಂದಿನ ವೈರಗಳನ್ನು ಮರೆತು ಪರಸ್ಪರ ಅರಿಯಲು ಯತ್ನಿಸಬೇಕೆಂದೂ ಬೋಧಿಸಿತು. ಯೇಸುಸ್ವಾಮಿಯ ದೈವತ್ವದ ವಿಷಯದಲ್ಲಿ ನಮಗೂ ಅವರಿಗೂ ಇರುವ ಅಂತರ ಚಿಕ್ಕದಲ್ಲ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಮಾತೆ ಮರಿಯಳ ಹೆಸರಿನ ಅಧ್ಯಾಯವೊಂದು ಕುರಾನಿನಲ್ಲಿದೆ ಎಂಬುದನ್ನು ತಿಳಿಯದೆ ಬಾಳುವುದೂ ಸರಿಯಲ್ಲ. ಆದ್ದರಿಂದ ಹೋಗುವವರು ಪಾದರಕ್ಷೆ ಕಳಚಿ, ತಲೆಗೆ ವಸ್ತ್ರ ಹೊದ್ದು, ಪ್ರಾರ್ಥಿಸುವವರ ಏಕಾಂತಕ್ಕೆ ಭಂಗ ತಾರದೆ, ಅತಿಥಿಗಳಂತೆ ಹೋಗಲಿ. ತಮ್ಮ ವಿಶ್ವಾಸವನ್ನು ಬಾಗಿಲಲ್ಲಿ ಬಿಟ್ಟು ಹೋಗಬೇಕಾಗಿಲ್ಲ.

ನಮ್ಮ ಜಿಲ್ಲೆಯ ಮುದಗಲ್ಲನ್ನೇ ನೋಡಿರಿ. ಅಲ್ಲಿಯ ಅಕ್ಕಸಾಲಿಗನ ಮಗಳ ನೆಪದಲ್ಲಿ 1406ರಲ್ಲಿ ಫಿರೋಜನಿಗೂ ದೇವರಾಯನಿಗೂ ಯುದ್ಧವಾಯಿತೆಂದು ಫೆರಿಷ್ತಾ ಬರೆದಿದ್ದಾನೆ. ಅದೇ ಊರಿನಲ್ಲಿ ಆದಿಲ್‌ಶಾಹಿ ಕಾಲದಿಂದ ಬೆಳೆದುಬಂದ ಕಥೋಲಿಕ ಸಮುದಾಯವಿದೆ. ಮೊಹರಮ್ ಬಂದಾಗ ಹಿಂದೂ ಮುಸಲ್ಮಾನರು ಕೂಡಿ ಅಲಾಯಿ ದೇವರುಗಳ ಮುಂದೆ ನೆರೆಯುತ್ತಾರೆ. ಸುಲ್ತಾನರೂ ರಾಯರೂ ಗೆದ್ದು ಸೋತ ನೆಲವನ್ನು ಉತ್ತು ಬಿತ್ತಿದವರು, ಪಕ್ಕಪಕ್ಕದಲ್ಲಿ ಬಾಳಿದವರು ಇಂಥ ಸಾಮಾನ್ಯ ಜನರೇ. ಈ ನೆರೆಹೊರೆಯ ಬಾಳುವೆ ತಾನಾಗಿ ಉಳಿಯುವ ಸ್ವತ್ತಲ್ಲ. ಸಂಶಯದ ಒಂದು ಮಾತು ಊರಿನಿಂದ ಊರಿಗೆ ಕ್ಷಣದಲ್ಲಿ ಹಬ್ಬುವ ಈ ದಿನಗಳಲ್ಲಿ, ನೆರೆಯವನ ಪವಿತ್ರಸ್ಥಳದ ಇತಿಹಾಸವನ್ನು ಮಕ್ಕಳಿಗೆ ಸರಿಯಾಗಿ ಹೇಳಿಕೊಡುವುದು ತಂದೆತಾಯಿಯರ ಕರ್ತವ್ಯ. ಈ ರಜೆಯಲ್ಲಿ ಕಲಬುರಗಿಗೆ ಹೋಗುವ ಕುಟುಂಬಗಳು ಕೋಟೆಯನ್ನೂ ದರ್ಗಾವನ್ನೂ ಒಂದೇ ದಿನ ನೋಡಲಿ. ಎರಡರಲ್ಲಿ ಯಾವುದು ಬರಿದಾಗಿದೆ, ಯಾವುದು ತುಂಬಿದೆ, ಏಕೆ ಎಂದು ಮಕ್ಕಳನ್ನು ಕೇಳಲಿ. ಮರಳಿ ಬಂದ ಮೇಲೆ ಪಕ್ಕದ ಮನೆಯ ಮುಸಲ್ಮಾನ ಕುಟುಂಬದೊಡನೆ ಆ ಮಾತನ್ನು ಮುಂದುವರಿಸಲಿ.