ಹರಿದು ಹಾಕುವ ಚೀಟಿಯಿಂದ ‘ವಾಯ್ಡ್’ವರೆಗೆ

ಕಳೆದ ಮುಂಗಾರಿನಲ್ಲಿ ನಮ್ಮ ಮಾವ ಹೊನ್ನಾಳಿಯಲ್ಲಿ ಪೈಪ್ ಕೊಂಡರು. ಬಿಲ್ 4,500 ರೂಪಾಯಿ. ಅಂಗಡಿಯ ಹುಡುಗ ಯಂತ್ರದಲ್ಲಿ ಒಂದು ಸೊನ್ನೆ ಹೆಚ್ಚಿಗೆ ಒತ್ತಿದ, ಮಾವ ನೋಡದೇ ಪಿನ್ ಹಾಕಿದರು. ಮೊಬೈಲಿಗೆ 45,000 ಕಡಿತದ ಮೆಸೇಜು ಬಂತು. ‘ಅಡಿಕೆ ದುಡ್ಡೆಲ್ಲ ಹೋಯ್ತಲ್ಲೋ!’ ಅಂತ ಅಲ್ಲೇ ಕುಳಿತುಬಿಟ್ಟರು. ಮಾಲೀಕರು ಬಂದು ಚೀಟಿಯಲ್ಲಿದ್ದ ನಂಬರ್ ಒತ್ತಿ ‘ವಾಯ್ಡ್’ ಮಾಡಿದರು. ರದ್ದಾದ ಚೀಟಿ ಹೊರಬಂತು.

ಈ ಅವಕಾಶ ಯಂತ್ರಕ್ಕಿಂತ ಹಳೆಯದು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕ್ರೆಡಿಟ್ ಕಾರ್ಡ್ ತಂದಾಗ ಅಂಗಡಿಗಳಲ್ಲಿ ಕರೆಂಟೂ ಬೇಡದ ಕೈಯಂತ್ರ ಇರುತ್ತಿತ್ತು. ಕಾರ್ಡಿನ ಉಬ್ಬಿದ ಅಂಕಿಗಳ ಮೇಲೆ ಕಾರ್ಬನ್ ಚೀಟಿ ಇಟ್ಟು ಎಳೆದರೆ ಅಚ್ಚು ಬೀಳುತ್ತಿತ್ತು. ಆ ಚೀಟಿಗಳನ್ನು ಬ್ಯಾಂಕಿಗೆ ಕೊಟ್ಟ ಮೇಲೇ ಅಂಗಡಿಯವರಿಗೆ ಹಣ. ಅಷ್ಟರೊಳಗೆ ತಪ್ಪು ಕಂಡರೆ ಚೀಟಿ ಹರಿದು ಹಾಕಿದರೆ ಮುಗಿಯಿತು.

ಚನ್ನಗಿರಿಯ ಅಡಿಕೆ ವ್ಯಾಪಾರದಲ್ಲಿ ಚೆಕ್ ಕಂಡವರಿಗೆ ಇದು ಹೊಸದಲ್ಲ. ಚೆಕ್ ಪಾಸಾಗುವ ಮೊದಲು ಬ್ಯಾಂಕಿಗೆ ಬರೆದುಕೊಟ್ಟು ತಡೆಯಬಹುದು. ಆದರೆ ಖಾತೆಯಲ್ಲಿ ಹಣವಿಲ್ಲದೆ ಹಾಗೆ ತಡೆದವರ ಮೇಲೂ ಚೆಕ್ ಬೌನ್ಸ್ ಕೇಸು ನಡೆಯಬಹುದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು.

ಕರೆಂಟಿನ ಯಂತ್ರ ಬಂದ ಮೇಲೆ ಚೀಟಿಯ ಕಂತೆ ಯಂತ್ರದ ಒಳಗೇ ಉಳಿಯಿತು. ದಿನದ ಕೊನೆಗೆ ಲೆಕ್ಕ ಮುಗಿಸಿ ಕಳಿಸುವುದಕ್ಕೆ ‘ಸೆಟಲ್‌ಮೆಂಟ್’ ಅನ್ನುತ್ತಾರೆ. ಅದಕ್ಕೆ ಮೊದಲಾದರೆ ವಾಯ್ಡ್. ನಮ್ಮ ಖಾತೆಯಲ್ಲಿ ಕಡಿತವಾಗಿದ್ದರೂ ಹಣ ಅಂಗಡಿಯವರ ಕೈ ಸೇರಿರುವುದಿಲ್ಲ. ಸೆಟಲ್ ಆದಮೇಲೆ ‘ರೀಫಂಡ್’, ಅದಕ್ಕೆ ದಿನಗಳೇ ಹಿಡಿಯುತ್ತವೆ. (ಗೊಬ್ಬರದಂಗಡಿಯಲ್ಲಿ ಆಧಾರ್‌ಗೆ ಹೆಬ್ಬೆಟ್ಟು ಒತ್ತುವ ಯಂತ್ರವೇ ಬೇರೆ, ಗೊಂದಲ ಬೇಡ.)

ಜಗಳೂರು, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹಲವರ ಕೈಗೆ ಮೊದಲ ಕಾರ್ಡ್ ಬಂದದ್ದು 2014ರ ಜನಧನ ಖಾತೆಯ ರೂಪೇ ಕಾರ್ಡಾಗಿ. ನೆಟ್‌ವರ್ಕ್ ಕೈಕೊಟ್ಟು ಹಣ ಕಡಿತವಾಗಿಯೂ ಅಂಗಡಿಯಲ್ಲಿ ಚೀಟಿ ಬಾರದಿದ್ದರೆ ಏನು ಗತಿ? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು: ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳಿ ಪಡೆದವರನ್ನು ನಾನು ಕಂಡಿಲ್ಲ, ಕೇಳಬೇಕು.

2016ರಲ್ಲಿ ಬಂದ ಯುಪಿಐಯಲ್ಲಿ ಹರಿಯಲು ಚೀಟಿಯೇ ಇಲ್ಲ. ಪಿನ್ ಹಾಕಿ ಹಣ ಹೋದರೆ ಹೋಯಿತು, ಪಡೆದವರೇ ಮನಸ್ಸು ಮಾಡಿ ತಿರುಗಿ ಕಳಿಸಬೇಕು. ಮಾವ ಈಗ ಸ್ಕ್ಯಾನ್ ಮಾಡುವುದು ಚಹಾದಂಗಡಿಯಲ್ಲಿ ಮಾತ್ರ. ಆ ವಾಯ್ಡ್ ಚೀಟಿ ಇನ್ನೂ ಅವರ ಪಾಸ್‌ಬುಕ್ಕಿನಲ್ಲಿದೆ, ಅಕ್ಷರ ಮಾಸುತ್ತಿದೆ.